ಇಲ್ಲ ಎಂದು ಬರೆದು ಕೊಡು

ಹಳಿಯಾಳ
14 ಜುಲೈ 2024

ಸುವರ್ಣಾ,

ನೀನು ಇದನ್ನು ಓದದೆ ಒಲೆಗೆ ಹಾಕಿದರೂ ನನಗೆ ತಿಳಿಯುವುದಿಲ್ಲ. ಆದ್ದರಿಂದ ಓದುತ್ತಿದ್ದೀಯ ಎಂದೇ ನಂಬಿ ಬರೆಯುತ್ತೇನೆ.

ಕಳೆದ ದೀಪಾವಳಿಯ ಹಿಂದಿನ ಭಾನುವಾರ ನಮ್ಮ ಚರ್ಚಾಕೂಟ ಇಲ್ಲಿನ ಬಸ್ ನಿಲ್ದಾಣದ ಹಿಂದಿನ ಕಟ್ಟೆಯ ಮೇಲೆ ಸೇರಿತ್ತು. ಅದೇ ಕೊನೆಯ ಸಲವಾಯಿತು. ಸರ್ಕಾರಿ ನೌಕರಿಯ ಆದೇಶ ಬಂದಿದೆ ಎಂದು ನಾನು ಹೇಳಿದೆ. ನೀನು ಒಂದು ಮಾತೂ ಕೇಳದೆ, ಮಾರಲು ಹರವಿಟ್ಟಿದ್ದ ಕಿರುಹೊತ್ತಿಗೆಗಳನ್ನು ಚೀಲಕ್ಕೆ ತುಂಬಿ ಎದ್ದೆ. "ಹೋಗು. ಒಂದಿನ ನಮ್ಮ ಅರ್ಜಿ ಮ್ಯಾಲೆ ಇಲ್ಲ ಅಂತ ಬರದು ಸಹಿ ಮಾಡ್ತಿ ನೀ. ಅವತ್ತ ಈ ಕಟ್ಟಿ ನೆನಪಾಗ್ಲಿ" ಎಂದು ಹೇಳಿ ದಾಂಡೇಲಿ ಬಸ್ ಹತ್ತಿದೆ. ಆಮೇಲೆ ನನ್ನ ಫೋನ್ ಎತ್ತಲಿಲ್ಲ.

ನಾವಿಬ್ಬರೂ ಬಾಯಿಪಾಠ ಮಾಡಿದ್ದ ಆ ಹಳದಿ ಹೊತ್ತಿಗೆಯ ಮೊದಲ ಪುಟ ನೆನಪಿದೆಯೇ? ಸರ್ಕಾರ ವಿಧಾನಸೌಧದಲ್ಲಿಲ್ಲ, ನೀನು ಅರ್ಜಿ ಹಿಡಿದು ನಿಂತ ಕಿಟಕಿಯ ಆಚೆ ಕುಳಿತಿದೆ ಎಂದಿತ್ತು. ನಾನು ಆ ಕಿಟಕಿಯ ಆಚೆ ಹೋಗಿ ಕುಳಿತೆ, ಅಷ್ಟೆ. ಐದು ವರ್ಷಕ್ಕೊಮ್ಮೆ ಜನ ಮತ ಹಾಕುತ್ತಾರೆ. ಉಳಿದ ದಿನವೆಲ್ಲ ಅವರು ನಿಲ್ಲುವುದು ಕಿಟಕಿಯ ಮುಂದೆ. ಆ ಕಡೆ ನಮ್ಮವರು ಒಬ್ಬರಾದರೂ ಬೇಡವೇ?

ಈ ತಿಂಗಳಿನಿಂದ ನನ್ನನ್ನು ವಸತಿ ಹಕ್ಕು ವಿಶೇಷ ಕಚೇರಿಗೆ ಹಾಕಿದ್ದಾರೆ. ಸರ್ಕಾರಿ ಜಾಗದಲ್ಲಿ ವರ್ಷಗಟ್ಟಲೆ ಮನೆ ಕಟ್ಟಿಕೊಂಡು ಇರುವವರಿಗೆ ಹಕ್ಕುಪತ್ರ ಕೊಡಲೆಂದೇ ತೆರೆದ ಕಚೇರಿ. ಗೊಬ್ಬರದ ಅಂಗಡಿಯ ಮೇಲಿನ ಮಹಡಿ, ತಗಡಿನ ಮಾಡು. ಮಳೆ ಬಂದರೆ ಎದುರು ಕುಳಿತವರ ಮಾತೂ ಕೇಳುವುದಿಲ್ಲ.

ಮೊದಲ ಸೋಮವಾರ ಕಿಟಕಿ ತೆರೆದಾಗ ಎದುರಿನ ಬೆಂಚಿನ ಮೇಲೆ ನಿನ್ನ ಅಪ್ಪ ಕುಳಿತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಧೋತರ, ತಲೆಗೆ ರುಮಾಲು, ಕಾಲಲ್ಲಿ ಹೊಸ ಚಪ್ಪಲಿ. ಯಾರದೋ ಮದುವೆಗೆ ಹೊರಟಿದ್ದಾರೆ ಎಂದುಕೊಂಡೆ.

"ಏನ್ ಗೂಳಪ್ಪ ಕಾಕಾ, ಇಲ್ಲಿ ಯಾಕ?" ಎಂದೆ.

"ಚರ್ಚಾಕ್ಕ ಬಂದೇನಿ ಶಿವಗಂಗವ್ವ. ನನ್ನ ಅರ್ಜಿ ಮ್ಯಾಲೆ ಸಾಹೇಬ್ರು 'ಚರ್ಚಿಸಿ' ಅಂತ ಬರದಾರಂತ. ಯಾವ ಸೋಮವಾರ ಕರೀತಾರೋ ಏನೋ. ಕರದಾಗ ಹೊಲಸ ಅಂಗಿ ಮ್ಯಾಲೆ ಇದ್ರ ಚಂದ ಕಾಣಂಗಿಲ್ಲ ನೋಡು" ಎಂದರು.

ಎಷ್ಟು ಕಾಲದಿಂದ ಹೀಗೆ ಬರುತ್ತಿದ್ದೀರಿ ಎಂದು ಕೇಳಲು ನನಗೆ ಧೈರ್ಯ ಸಾಲಲಿಲ್ಲ. ಒಳಗೆ ಬಂದು ಕಡತ ತೆಗೆಸಿದೆ. ಬಂಬು ಗಲ್ಲಿಯ ಮನೆಗೆ ಹಕ್ಕುಪತ್ರ ಕೋರಿದ ಅರ್ಜಿ. ವಾಸದ ಪುರಾವೆ, ಸ್ಥಳ ತನಿಖೆ, ನಕ್ಷೆ, ಎಲ್ಲ ಸರಿಯಾಗಿವೆ. ಕೊನೆಯ ಹಾಳೆಯ ಅಂಚಿನಲ್ಲಿ ಹಸಿರು ಶಾಯಿಯ ಒಂದೇ ಪದ.

ಕಡತ ಈಗ ನನ್ನ ಮೇಜಿನ ಮೇಲಿದೆ. ಚರ್ಚಿಸಲು ಹೇಳಿದ್ದಾರೆ, ಚರ್ಚಿಸುತ್ತೇನೆ. ನಮಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು? ಹಕ್ಕುಪತ್ರ ಕೈಗೆ ಕೊಟ್ಟ ದಿನ ಕಟ್ಟೆಯ ಮಾತು ವಾಪಸು ತೆಗೆದುಕೊಳ್ಳಬೇಕು ನೀನು.

ಅದೇ ಹಳೆಯ
ಶಿವಗಂಗಾ

*

ದಾಂಡೇಲಿ
2 ಆಗಸ್ಟ್ 2024

ಶಿವಗಂಗಾ,

ಒಲೆಗೆ ಹಾಕಲಿಲ್ಲ. ನಮ್ಮದು ಗ್ಯಾಸ್.

ಪತ್ರವನ್ನೇ ಬರೆ, ಫೋನ್ ಮಾಡಬೇಡ. ಕಚೇರಿಯವರ ಬಾಯಿಮಾತು ಕೇಳಿ ಕೇಳಿ ನಮ್ಮ ಗಲ್ಲಿಯವರ ಕಿವಿ ಸವೆದಿವೆ. ಕಿಟಕಿಯ ಆಚೆ ಕುಳಿತವಳು ಬರೆಯಲಿ, ನನ್ನ ಕೈಯಲ್ಲಿ ಕಾಗದ ಉಳಿಯಲಿ. ನಾನು ಈಗ ಕೋರ್ಟಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಕಾಗದದ ಬೆಲೆ ಗೊತ್ತಾಗಿದೆ.

ಗೆಳತಿಯ ಅಪ್ಪ ಎಂದು ಕಡತ ಎತ್ತಿಕೊಂಡಿದ್ದರೆ ಈಗಲೇ ಕೆಳಗಿಡು. ಗುರುತಿನವರಿಂದ ಸಿಕ್ಕಿದ್ದು ಹಕ್ಕಲ್ಲ ಎಂದು ಕಟ್ಟೆಯ ಮೇಲೆ ಕೂಗುತ್ತಿದ್ದವಳು ನೀನೇ. ಗಲ್ಲಿಯಲ್ಲಿ ನಮ್ಮದೊಂದೇ ಮನೆಯಲ್ಲ.

ನಿನಗೆ ಗೊತ್ತಿಲ್ಲದ್ದು ಒಂದಿದೆ. ಕಳೆದ ವಾರ ಇಬ್ಬರು ಬಂದು ಎಲ್ಲರ ಗೋಡೆಗೂ ಕೆಂಪು ಬಣ್ಣದಲ್ಲಿ ಗುಣಾಕಾರದ ಗುರುತು ಹಾಕಿ ಹೋದರು. ನದಿಗೆ ದೋಣಿ ಆಡಲು ಬರುವವರ ಕಾರು ನಿಲ್ಲಿಸಲು ಜಾಗ ಬೇಕಂತೆ. ಕಾಗದದ ಗಿರಣಿಗೆ ಬಿದಿರು ಒಟ್ಟುತ್ತಿದ್ದ ಕಾಲದಲ್ಲಿ ಯಾರಿಗೂ ಬೇಡವಾಗಿದ್ದ ಜಾಗ ಇದು. ಅವ್ವ ಸಗಣಿ ಕಲಸಿ ಗುರುತಿನ ಮೇಲೆ ಬಳಿದಳು. ಅವರು ಮರುದಿನ ಬಂದು ಮತ್ತೆ ಬರೆದರು. ಮೂರನೆಯ ಸಲ ಬಂದಾಗ ಅವ್ವ, "ನಿಮ್ಮ ಬಣ್ಣಾನೂ ಖರ್ಚಾತು, ನನ್ನ ಸಗಣೀನೂ ಖರ್ಚಾತು, ಕೂಡ್ರಿ ಚಾ ಕುಡೀರಿ" ಎಂದಳು. ಕುಡಿದು, ಗುರುತು ಹಾಕಿಯೇ ಹೋದರು. ನಮ್ಮವ್ವ ಗೋದುಬಾಯಿಯ ಚಹಾಕ್ಕೂ ಕರಗದ ಸರ್ಕಾರ ನಿನ್ನದು.

ಅಪ್ಪ ಮಾತ್ರ ನಿಶ್ಚಿಂತ. "ಚರ್ಚಾ ಬಾಕಿ ಐತೆಲ್ಲ, ಅದು ಆಗೂತನಾ ಯಾರೂ ಮುಟ್ಟಂಗಿಲ್ಲ" ಎನ್ನುತ್ತಾನೆ. ಖಾನಾಪುರದ ಕಡೆಯಿಂದ ಬಂದು ಆಯುಷ್ಯವೆಲ್ಲ ಗಿರಣಿಯ ಬಿದಿರು ಇಳಿಸಿದವನು. ನಿನ್ನೆ ಊಟಕ್ಕೆ ಕುಳಿತಾಗ, "ನಾ ಇಳಿಸಿದ ಬಿದಿರಿನ ಹಾಳಿ ಮ್ಯಾಲೇ ಬರದಿರಬೇಕು ಅವ್ರು, ಚರ್ಚಿಸಿ ಅಂತ" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಮುಂದಿನ ಸೋಮವಾರ ಅಪ್ಪ ಬಂದಾಗ ನಿಜ ಹೇಳು. ಆ ಪದದ ಅರ್ಥವೇನು ಎಂದು.

ಸುವರ್ಣಾ

*

ಹಳಿಯಾಳ
25 ಆಗಸ್ಟ್ 2024

ಸುವರ್ಣಾ,

ಕಾಕಾನಿಗೆ ಹೇಳಲು ನನ್ನಿಂದ ಆಗಲಿಲ್ಲ. ನಿನಗೆ ಹೇಳುತ್ತೇನೆ.

ನಮ್ಮ ಹೆಡ್ ಕ್ಲರ್ಕ್ ಸಂಜೀವಕುಮಾರ ಅವರ ಮುಂದೆ ಕಡತ ಹಿಡಿದು ನಿಂತೆ. "ಸರ, ಇದರ ಮ್ಯಾಲೆ ಚರ್ಚಿಸಿ ಅಂತ ಐತ್ರಿ. ಯಾರ ಕೂಡ ಚರ್ಚಾ ಮಾಡಬೇಕ್ರೀ?"

"ಬರದವ್ರ ಕೂಡ."

"ಅವರು ಅದನ್ನ ಬರದ ತಿಂಗಳದಾಗ ವರ್ಗ ಆಗಿ ಹೋಗ್ಯಾರಲ್ರೀ."

"ಹಂಗಾದ್ರ ಕಪಾಟದಾಗ ಇಡು."

ನಾನು ಅಲುಗಲಿಲ್ಲ. ಅವರು ಕನ್ನಡಕ ತೆಗೆದು ಒರೆಸುತ್ತ ಹೇಳಿದರು: "ತಂಗಿ, ನೀ ಭಾಳ ಓದೀದಿ, ಆದ್ರ ಈ ಪದ ಓದಿಲ್ಲ. ಹೌದು ಅಂತ ಬರದ್ರ ನಾಳೆ ಮ್ಯಾಲಿನವ್ರು ಕೇಳ್ತಾರ, ಯಾಕ ಕೊಟ್ಟಿ ಅಂತ. ಇಲ್ಲ ಅಂತ ಬರದ್ರ ಜನ ಕೇಳ್ತಾರ, ಯಾಕ ಕೊಡಲಿಲ್ಲ ಅಂತ. ಚರ್ಚಿಸಿ ಅಂದ್ರ ಯಾರೂ ಏನೂ ಕೇಳಂಗಿಲ್ಲ. ಕಡತಾನೂ ಜೀವಂತ, ಸಾಹೇಬ್ರೂ ಕ್ಷೇಮ."

"ಮತ್ತ ಅರ್ಜಿ ಕೊಟ್ಟವ್ರು?"

"ಅವ್ರು ಬೆಂಚಿನ ಮ್ಯಾಲೆ ಕೂತಾರಲ್ಲ."

ಕೆಟ್ಟವರಲ್ಲ ಅವರು. ನನ್ನ ಡಬ್ಬಿಯಲ್ಲಿ ಪಲ್ಯ ಇಲ್ಲದ ದಿನ ತಮ್ಮದನ್ನು ಅರ್ಧ ಹಾಕುತ್ತಾರೆ. ಅದೇ ನನಗೆ ತಾಳಲಾಗದ್ದು. ನಮ್ಮ ಹೊತ್ತಿಗೆಗಳಲ್ಲಿ ಕಚೇರಿ ಎಂದರೆ ಲಂಚ ತಿನ್ನುವ ರಾಕ್ಷಸರು ಇರುತ್ತಿದ್ದರು. ಇಲ್ಲಿ ಅಂಥ ಒಬ್ಬನಾದರೂ ಸಿಕ್ಕಿದ್ದರೆ ಕುತ್ತಿಗೆಪಟ್ಟಿ ಹಿಡಿಯುತ್ತಿದ್ದೆ. ಇಲ್ಲಿರುವುದು ಪಲ್ಯ ಹಂಚಿಕೊಳ್ಳುವವರು. ಯಾರನ್ನು ಹಿಡಿಯಲಿ?

ಕಪಾಟು ತೆಗೆದು ನೋಡಿದೆ. ನಿನ್ನ ಗಲ್ಲಿಯ ಎಲ್ಲ ಅರ್ಜಿಗಳ ಅಂಚಿನಲ್ಲೂ ಅದೇ ಹಸಿರು ಶಾಯಿ, ಅದೇ ಪದ. ನಾವು ನಮ್ಮ ಕೂಟಕ್ಕೆ ಹೆಸರಿಟ್ಟ ಪದ, ಸುವರ್ಣಾ. ಪ್ರಜಾಪ್ರಭುತ್ವದ ಉಸಿರು ಎಂದು ನಾನು ಭಾಷಣ ಮಾಡುತ್ತಿದ್ದ ಪದ.

ಹೊಸ ಪ್ರಭಾರ ಅಧಿಕಾರಿ ಮುಂದಿನ ತಿಂಗಳು ಬರುತ್ತಾರೆ. ಅವರ ಮುಂದೆ ಮಂಡಿಸುತ್ತೇನೆ. ಅವರು ಬೆಂಗಳೂರಿನ ಕಡೆಯವರು, ಓದಿದವರು, ಹೊಸಬರು. ಕಾಯಿ.

ಶಿವಗಂಗಾ

*

ದಾಂಡೇಲಿ
19 ಸೆಪ್ಟೆಂಬರ್ 2024

ಶಿವಗಂಗಾ,

ಕಾಯುವುದನ್ನು ನಮ್ಮ ಗಲ್ಲಿಗೆ ಕಲಿಸಬೇಕಾಗಿಲ್ಲ.

ಜನಸಂಪರ್ಕ ಸಭೆಗೆ ಗಲ್ಲಿಯವರೆಲ್ಲ ಹೋಗಿದ್ದೆವು. ನಾವು ಆರಿಸಿ ಕಳಿಸಿದವರು ವೇದಿಕೆಯ ಮೇಲಿದ್ದರು. ಅರ್ಜಿ ಓದಿದರು. "ಇದು ಕಚೇರಿ ಮಟ್ಟದಾಗ ಐತಿ. ನಾವು ಹೇಳ್ತೇವಿ, ಮಾಡೂದು ಅವ್ರು" ಎಂದರು. ಅಂದರೆ ಮತ ಒಬ್ಬರಿಗೆ, ಮನೆ ಇನ್ನೊಬ್ಬರ ಕೈಯಲ್ಲಿ. ನಿನ್ನ ಕೈಯಲ್ಲಿ.

ಅಲ್ಲಿಂದ ನೇರವಾಗಿ ವಕೀಲೆ ಸುನಂದಾ ಅವರ ಹತ್ತಿರ ಹೋದೆ. ನಮ್ಮ ಅಂಗಡಿಗೆ ದಿನವೂ ಝೆರಾಕ್ಸಿಗೆ ಬರುತ್ತಾರೆ. ಎಲ್ಲ ಕೇಳಿ ಅವರು ಕೈ ಚೆಲ್ಲಿದರು. "ಹೌದು ಅಂದ್ರ ನಿಮ್ಮ ಮನಿ. ಇಲ್ಲ ಅಂದ್ರ ಕಾರವಾರದಾಗ ಮೇಲ್ಮನವಿ, ಅವತ್ತೇ ತಡೆಯಾಜ್ಞೆ ಕೇಳ್ತೇನಿ. ಎರಡೂ ಹೇಳದಂಗ ಇಟ್ಟಾರಂದ್ರ ನಾ ಯಾವುದರ ವಿರುದ್ಧ ಹೋಗ್ಲಿ? ಗಾಳಿ ವಿರುದ್ಧ?"

ಈಗ ಕೇಳು. ನನಗೆ ಹಕ್ಕುಪತ್ರ ಬೇಡ. ನಿನ್ನ ಚರ್ಚೆ ಬೇಡ. ಅಪ್ಪನ ಅರ್ಜಿ ತಿರಸ್ಕರಿಸಲಾಗಿದೆ ಎಂದು ಒಂದು ಹಿಂಬರಹ ಬೇಕು. ಒಂದು ಹಾಳೆ, ಕಚೇರಿಯಿಂದ ಹೊರಟಿತು ಎಂಬುದಕ್ಕೆ ಜಾವಕ ಸಂಖ್ಯೆ, ಮೊಹರು, ಸಹಿ. ನಮ್ಮ ಒಂದು ಅರ್ಜಿ ಕಾರವಾರ ಮುಟ್ಟಿದರೆ ಅದರ ಬೆನ್ನಿಗೆ ಇಡೀ ಗಲ್ಲಿಯನ್ನು ಜೋಡಿಸುತ್ತೇನೆ ಎನ್ನುತ್ತಾರೆ ಸುನಂದಾ.

ಇಲ್ಲ ಎಂದು ಬರೆದು ಕೊಡು.

ಇದನ್ನು ನಾನೇ ಕೇಳುತ್ತಿದ್ದೇನೆ ಎಂಬುದು ನನಗೆ ಗೊತ್ತಿದೆ. ಕಟ್ಟೆಯ ನೆನಪು ನನಗೂ ಇದೆ.

ಸುವರ್ಣಾ

*

ಹಳಿಯಾಳ
20 ಅಕ್ಟೋಬರ್ 2024

ಸುವರ್ಣಾ,

ಒಂದು ತಿಂಗಳು ಉತ್ತರಿಸಲಿಲ್ಲ.

ಪ್ರಭಾರ ಅಧಿಕಾರಿಯ ಮುಂದೆ ಕಡತ ಮಂಡಿಸಿದೆ. ಅವರು ನಗುಮುಖದವರು, ಕುಳಿತುಕೊಳ್ಳಿ ಎಂದರು. ಚರ್ಚಿಸೋಣ ಸರ್ ಎಂದೆ.

"ಈ ಪದ ನಾನು ಬರೆದಿದ್ದಲ್ಲವಲ್ಲಮ್ಮ. ಬರೆದವರ ಜೊತೆ ನಾನು ಹೇಗೆ ಚರ್ಚಿಸಲಿ?"

"ಹಾಗಾದರೆ ನೀವೇ ತೀರ್ಮಾನಿಸಬಹುದು ಸರ್. ಎಲ್ಲ ದಾಖಲೆ ಇವೆ."

"ಹಿಂದಿನವರು ಚರ್ಚಿಸಿ ಅಂದಿದ್ದನ್ನು ಚರ್ಚಿಸದೆ ತೀರ್ಮಾನಿಸಿದರೆ ಅವರಿಗೆ ಅಗೌರವ ಆಗಲ್ವಾ?" ಎಂದು ಪೆನ್ನು ತೆಗೆದು, ಹಸಿರು ಪದದ ಕೆಳಗೆ ತಮ್ಮ ಕೈಯಿಂದ ಇನ್ನೊಮ್ಮೆ ಬರೆದರು. ಚರ್ಚಿಸಿ. "ಈಗ ನಾನು ಬರೆದ ಹಾಗಾಯಿತು. ಒಂದು ದಿನ ನೋಡೋಣ."

ಆ ಒಂದು ದಿನಕ್ಕೆ ನಾಲ್ಕು ಸಲ ಒಳಗೆ ಹೋದೆ. ಒಮ್ಮೆ ಸಭೆ, ಒಮ್ಮೆ ಚುನಾವಣೆ ಪಟ್ಟಿಯ ಕೆಲಸ, ಒಮ್ಮೆ ತಲೆನೋವು. ನಾಲ್ಕನೆಯ ಸಲ ಅವರು, "ನಿಮಗೆ ಈ ಅರ್ಜಿದಾರರು ಸಂಬಂಧಿಕರಾ?" ಎಂದು ಕೇಳಿದರು. ಅದೇ ನಗುಮುಖ. ನಾನು ಹೊರಗೆ ಬಂದೆ.

ಹೊಸ ಕೆಲಸ ಒಂದು ನನ್ನ ಪಾಲಿಗೆ ಬಂದಿದೆ. ಅರ್ಜಿ ಏನಾಯಿತು ಎಂದು ಕೇಳಿ ಬಂದವರಿಗೆಲ್ಲ "ಪರಿಶೀಲನೆಯಲ್ಲಿದೆ" ಎಂಬ ಹಿಂಬರಹ ಕೊಡಬೇಕು. ಅಷ್ಟಕ್ಕೆಲ್ಲ ಸಹಿ ಹಾಕಿ ಅಧಿಕಾರಿಯ ಕೈ ನೋಯುತ್ತದಂತೆ. ಅಂಥ ಹಿಂಬರಹಗಳಿಗೆ ವಿಶೇಷಾಧಿಕಾರಿಗಳ ಪರವಾಗಿ ನಾನೇ ಸಹಿ ಮಾಡಬಹುದು ಎಂದು ಆದೇಶ ಬರೆದುಕೊಟ್ಟಿದ್ದಾರೆ. ದಿನವಿಡೀ ಪರಿಶೀಲನೆಯಲ್ಲಿದೆ, ಪರಿಶೀಲನೆಯಲ್ಲಿದೆ ಎಂದು ಸಹಿ ಮಾಡುತ್ತೇನೆ. ಸಂಜೆ ಬಸ್ ನಿಲ್ದಾಣದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ನಿಂತಿರುತ್ತವೆ. ಮುಂದಿನದು ಹೋಗದೆ ಹಿಂದಿನದು ಹೋಗುವಂತಿಲ್ಲ, ತಿರುಗಿಸಿಕೊಳ್ಳಲು ಜಾಗವಿಲ್ಲ. ಚಾಲಕರು ಇಳಿದು ಬೀಡಿ ಹಚ್ಚುತ್ತಾರೆ. ನನಗೆ ಬೀಡಿಯೂ ಇಲ್ಲ.

ನೀನು ಕೇಳಿದ್ದನ್ನು ಮಾಡಲಾರೆ. ತಿರಸ್ಕರಿಸುವ ಅಧಿಕಾರ ನನಗಿಲ್ಲ. ನಾನಿನ್ನೂ ಪರೀಕ್ಷಾವಧಿಯಲ್ಲಿದ್ದೇನೆ, ಒಂದು ತಪ್ಪಿಗೆ ಮನೆಗೆ ಕಳಿಸುತ್ತಾರೆ. ನಮ್ಮ ಹಳ್ಳಿ ಪಾಳಾದಲ್ಲಿ ಅಪ್ಪ ಊರಿಗೆಲ್ಲ ಹೇಳಿಕೊಂಡು ಓಡಾಡುತ್ತಾನೆ, ನಾಗಲಿಂಗಪ್ಪನ ಮಗಳು ಸರ್ಕಾರ ಆಗ್ಯಾಳ ಅಂತ. ಆದರೆ ನಿಜವಾದ ಕಾರಣ ಅದೂ ಅಲ್ಲ. ಹೌದು ಎಂದು ಬರೆಯಲು ಬಂದವಳು ನಾನು. ಮೊದಲ ಸಲ ನನ್ನ ಕೈಯಿಂದಲೇ ತೀರ್ಮಾನವೊಂದು ಹೊರಡುವಾಗ ಅದು 'ಇಲ್ಲ' ಆಗಬೇಕೇ, ಅದೂ ಕಾಕಾನಿಗೆ? ನೀನು ಅಂದದ್ದೇ ಆಯಿತಲ್ಲ ಆಗ.

ಮೊನ್ನೆ ಸೋಮವಾರ ಕಾಕಾ ನನಗೆ ಚುರಮುರಿ ತಂದಿದ್ದರು. "ಒಳಗ ಕೂತವ್ರಿಗೂ ಹಸಿವ ಆಗ್ತೈತಿ" ಎಂದರು.

ಶಿವಗಂಗಾ

*

ದಾಂಡೇಲಿ
18 ನವೆಂಬರ್ 2024

ಶಿವಗಂಗಾ,

ಇಂದು ಗಲ್ಲಿಯ ಮೊದಲ ಕಂಬಕ್ಕೆ ನೋಟಿಸು ಅಂಟಿಸಿದ್ದಾರೆ. ಡಿಸೆಂಬರ್ ಎರಡರಂದು ತೆರವು. ಸಾಮಾನು ತೆಗೆದಿಟ್ಟುಕೊಳ್ಳಬೇಕಂತೆ.

ಅದನ್ನು ಅಂಟಿಸುವಾಗ ಅಪ್ಪ ಊರಲ್ಲಿರಲಿಲ್ಲ. ನಿನ್ನ ಬೆಂಚಿನ ಮೇಲಿದ್ದ.

ಡಿಸೆಂಬರ್ ಎರಡು ಸೋಮವಾರ. ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಚರ್ಚೆಗೆಂದು ನಿನ್ನ ಮುಂದೆ ಕುಳಿತಿರುತ್ತಾನೆ. ಇಲ್ಲಿ ಮನೆ ಬಿದ್ದಿರುತ್ತದೆ. ಸಂಜೆ ಬಸ್ಸಿನಿಂದ ಇಳಿದು ಅವನು ಯಾವ ಕಡೆ ನಡೆಯಬೇಕು, ಅದನ್ನಾದರೂ ಪರಿಶೀಲನೆ ಮಾಡಿ ತಿಳಿಸು.

ನಿನ್ನ ಕೈ ಸ್ವಚ್ಛವಾಗಿ ಉಳಿಯಲಿ.

ಸುವರ್ಣಾ

*

ವಸತಿ ಹಕ್ಕು ವಿಶೇಷ ಕಚೇರಿ, ಹಳಿಯಾಳ
ದಿನಾಂಕ: 25-11-2024

ಹಿಂಬರಹ

ವಿಷಯ: ಬಂಬು ಗಲ್ಲಿ, ದಾಂಡೇಲಿ, ಇಲ್ಲಿನ ವಾಸದ ಮನೆಗೆ ಹಕ್ಕುಪತ್ರ ಕೋರಿರುವ ಬಗ್ಗೆ.

ಉಲ್ಲೇಖ: 1. ಶ್ರೀ ಗೂಳಪ್ಪ ಇವರ ಅರ್ಜಿ. 2. ಸದರಿ ಅರ್ಜಿಯ ಮೇಲೆ ಹಿಂದಿನ ವಿಶೇಷಾಧಿಕಾರಿಗಳ ಟಿಪ್ಪಣಿ. 3. ಪ್ರಭಾರ ವಿಶೇಷಾಧಿಕಾರಿಗಳ ಟಿಪ್ಪಣಿ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರರಿಗೆ ತಿಳಿಸುವುದೇನೆಂದರೆ, ಸದರಿಯವರು ತಮ್ಮ ಕುಟುಂಬದೊಂದಿಗೆ ಸದರಿ ಸ್ಥಳದಲ್ಲಿ ಬಹುಕಾಲದಿಂದ ವಾಸವಿರುವುದು ಸ್ಥಳ ತನಿಖೆಯಿಂದ ದೃಢಪಟ್ಟಿರುತ್ತದೆ. ನಕ್ಷೆ ಮತ್ತು ವಾಸದ ಪುರಾವೆಗಳು ಕ್ರಮಬದ್ಧವಾಗಿರುತ್ತವೆ. ಅರ್ಜಿಯಲ್ಲಿ ಯಾವುದೇ ನ್ಯೂನತೆ ಕಂಡುಬಂದಿರುವುದಿಲ್ಲ.

ಆದರೆ ಉಲ್ಲೇಖ 2 ಮತ್ತು 3ರ ಟಿಪ್ಪಣಿಗಳಲ್ಲಿ ಅರ್ಜಿಯನ್ನು ಚರ್ಚಿಸುವಂತೆ ಸೂಚಿಸಲಾಗಿದ್ದು, ಅರ್ಜಿದಾರರು ಪ್ರತಿ ಸೋಮವಾರ ಚರ್ಚೆಗೆ ಹಾಜರಿದ್ದರೂ ಈ ಕಚೇರಿಯು ಚರ್ಚೆಗೆ ಹಾಜರಾಗಿರುವುದಿಲ್ಲ. ಈ ಕಾರಣದಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ.

ಈ ಬಗ್ಗೆ ಅಸಮಾಧಾನವಿದ್ದಲ್ಲಿ ಅರ್ಜಿದಾರರು ಕಾರವಾರದ ಮೇಲ್ಮನವಿ ಅಧಿಕಾರಿಗಳ ಮುಂದೆ ಹೋಗಬಹುದು. ಅಸಮಾಧಾನ ಇರತಕ್ಕದ್ದು.

ವಿಶೇಷಾಧಿಕಾರಿಗಳ ಪರವಾಗಿ,
ಶಿವಗಂಗಾ ನಾಗಲಿಂಗಪ್ಪ
ದ್ವಿತೀಯ ದರ್ಜೆ ಸಹಾಯಕಿ

*

ದಾಂಡೇಲಿ
8 ಡಿಸೆಂಬರ್ 2024

ಶಿವಗಂಗಾ,

ನಿನ್ನ 'ಇಲ್ಲ' ತಲುಪಿತು.

ಅಪ್ಪ ಅದನ್ನು ರುಮಾಲಿನಲ್ಲಿ ಸುತ್ತಿಕೊಂಡು ತಂದ. ಬಾಗಿಲಲ್ಲೇ ನಿಂತು, "ಗೋದೂ, ಬೆಲ್ಲ ತಾ. ಶಿವಗಂಗವ್ವ ಕಿಟಕಿ ಬಿಟ್ಟು ಹೊರಗ ಬಂದು ನನ್ನ ಕೈಯಾಗ ಕೊಟ್ಟಾಳ" ಎಂದ. ಬೆಲ್ಲ ಬಾಯಿಗೆ ಹಾಕಿಕೊಂಡ ಮೇಲೆ ನಾನು ಓದಿ ಹೇಳಿದೆ. ತಿರಸ್ಕರಿಸಲಾಗಿದೆ ಎಂದಾಗ ಅವನ ದವಡೆ ನಿಂತಿತು. ಬೆಲ್ಲ ನುಂಗಿ, "ನಾ ಹಾಜರಿದ್ದೆ ಅಂತ ಬರದಾಳಲ್ಲ, ಅದನ್ನ ಇನ್ನೊಮ್ಮೆ ಓದು" ಎಂದ. ಓದಿದೆ. ಮೂರು ಸಲ ಓದಿಸಿಕೊಂಡ.

ಸುನಂದಾ ಓದಿ ಮೊದಲು ನಕ್ಕರು, ಆಮೇಲೆ ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. "ಇದನ್ನ ಬರದಾಕಿ ನೌಕರಿ ಉಳೀತೈತೇನು?" ಎಂದು ಕೇಳಿದರು.

ಕಾರವಾರದಲ್ಲಿ ಮೇಲ್ಮನವಿ ಅಧಿಕಾರಿ ಅದನ್ನು ಗಟ್ಟಿಯಾಗಿ ಓದಿದರು. ಕಚೇರಿಯು ಚರ್ಚೆಗೆ ಹಾಜರಾಗಿರುವುದಿಲ್ಲ ಎಂಬಲ್ಲಿ ನಿಲ್ಲಿಸಿ, ಇದನ್ನು ಬರೆದವರು ಯಾರು ಎಂದು ಕೇಳಿದರು. ಕೈ ಎತ್ತಿ ಎದ್ದು ನಿಂತವನು ಅಪ್ಪ. "ಸಾಹೇಬ್ರ, ಚರ್ಚಾ ಇವತ್ತರೆ ಆಗ್ತೈತೇನ್ರಿ? ಅಂಗಿ ಇಸ್ತ್ರಿ ಮಾಡ್ಸೇನಿ." ಅಲ್ಲಿ ಯಾರೂ ನಗಲಿಲ್ಲ. ವಿಚಾರಣೆ ಮುಗಿಯುವವರೆಗೆ ಗಲ್ಲಿಯನ್ನು ಮುಟ್ಟಬಾರದೆಂದು ತಡೆಯಾಜ್ಞೆ ಬಂತು.

ಎರಡನೆಯ ತಾರೀಖು ಜೆಸಿಬಿ ಬಂದಿತ್ತು. ಸುನಂದಾ ಕಾಗದ ಹಿಡಿದು ಮುಂದೆ ನಿಂತರು. ಅದು ಸೊಂಡಿಲು ಎತ್ತಿಕೊಂಡೇ ಒಂದು ತಾಸು ನಿಂತು, ಹಿಂದಕ್ಕೆ ಹೋಯಿತು. ಗೋಡೆಯ ಕೆಂಪು ಗುರುತು ಹಾಗೆಯೇ ಇದೆ. ಅದರ ಮೇಲೆ ಏನೂ ಬಳಿಯಬೇಡ ಎಂದು ಅವ್ವನಿಗೆ ಹೇಳಿದ್ದೇನೆ. ವಿಚಾರಣೆ ಎಷ್ಟು ದಿನವೋ, ಆಮೇಲೆ ಏನೋ.

ನಿನಗೆ ಹೇಳಲೆಂದು ಹಳಿಯಾಳಕ್ಕೆ ಬಂದಿದ್ದೆ. ಕಿಟಕಿಯಲ್ಲಿ ಬೇರೆ ಯಾರೋ ಇದ್ದರು. "ಅವರು ಇಲ್ಲ" ಎಂದರು. ಎಲ್ಲಿ ಎಂದರೆ ಹೇಳಲಿಲ್ಲ. ಬರುವಾಗ ಕಟ್ಟೆಯ ಮೇಲೆ ಕುಳಿತೆ, ಬಸ್ ಬರುವ ತನಕ. ನಾನು ಅಲ್ಲಿ ಅಂದ ಮಾತನ್ನು ಬೈಗುಳ ಎಂದುಕೊಂಡೇ ಅಂದಿದ್ದೆ.

ಎಲ್ಲಿದ್ದೀಯ, ಬರೆ. ಪತ್ರವನ್ನು ಸಂಜೀವಕುಮಾರ ಅವರ ಕೈಗೆ ಕೊಡುತ್ತಿದ್ದೇನೆ. ಮುಟ್ಟಿಸುತ್ತೇನೆ ಎಂದಿದ್ದಾರೆ.

ನಿನ್ನ
ಸುವರ್ಣಾ

*

ಕುಂಬಾರವಾಡ
20 ಜನವರಿ 2025

ಸುವರ್ಣಾ,

ನಿನ್ನ ಪತ್ರ ಜೋಯಿಡಾ ಬಸ್ಸಿನ ಕಂಡಕ್ಟರನ ಚೀಲದಲ್ಲಿ ಬಹಳ ದಿನ ತಿರುಗಿ ಮೊನ್ನೆ ನನ್ನನ್ನು ಹುಡುಕಿತು. ಜೆಸಿಬಿ ಹಿಂದಕ್ಕೆ ಹೋದದ್ದನ್ನು ಎಷ್ಟು ಸಲ ಓದಿದೆ ಎಂದು ಹೇಳುವುದಿಲ್ಲ. ಕಾಕಾ ಓದಿಸಿಕೊಂಡದ್ದಕ್ಕಿಂತ ಹೆಚ್ಚು.

ಇಲ್ಲಿ ಕಚೇರಿಯ ಕ್ಷೇತ್ರ ಶಾಖೆ ಎಂದು ಒಂದಿದೆ, ನನ್ನನ್ನು ಅಲ್ಲಿಗೆ ಹಾಕಿದ್ದಾರೆ. ಭತ್ತದ ಗದ್ದೆಯ ಅಂಚಿನಲ್ಲಿ ಬಾಡಿಗೆಯ ಒಂದು ಕೋಣೆ, ಒಂದು ಮೇಜು, ಒಂದು ಕುರ್ಚಿ. ಕಡತಗಳಿಲ್ಲ. ಅರ್ಜಿ ತೆಗೆದುಕೊಳ್ಳುವ ಅಧಿಕಾರವೂ ಈ ಶಾಖೆಗಿಲ್ಲ. ಬೆಳಿಗ್ಗೆ ಒಂದು ಬಸ್ ಬರುತ್ತದೆ, ಸಂಜೆ ಅದೇ ಹೋಗುತ್ತದೆ. ಮಧ್ಯೆ ಫೋನಿನ ಸಿಗ್ನಲ್ ಇಲ್ಲ. ಹತ್ತರಿಂದ ಐದೂವರೆಯ ತನಕ ಕುಳಿತಿರಬೇಕೆಂಬುದು ಆದೇಶ. ಪಕ್ಕದ ಮನೆಯ ಸಕ್ಕುಬಾಯಿ ಕೊಂಕಣಿ ಬೆರೆಸಿದ ಕನ್ನಡದಲ್ಲಿ ದಿನವೂ ಕೇಳುತ್ತಾರೆ, ನಿಮ್ಮ ಕೆಲಸ ಏನು ಎಂದು. ಅವರ ಮನೆಗೂ ಹಕ್ಕುಪತ್ರವಿಲ್ಲ. ಅರ್ಜಿ ಹೇಗೆ ಬರೆಯಬೇಕು, ಪ್ರತಿ ಏಕೆ ಇಟ್ಟುಕೊಳ್ಳಬೇಕು ಎಂದು ಐದೂವರೆಯ ನಂತರ ಅವರ ಜಗುಲಿಯ ಮೇಲೆ ಹೇಳಿಕೊಡುತ್ತೇನೆ. ಅದಕ್ಕೆ ಇನ್ನೂ ಯಾರೂ ನಿಷೇಧ ಬರೆದಿಲ್ಲ.

ಅಧಿಕಾರ ಮೀರಿ ಸಹಿ ಮಾಡಿದ್ದಕ್ಕೆ ನನಗೆ ನೋಟಿಸು ಕೊಟ್ಟಿದ್ದರು. ಉತ್ತರ ಕೊಟ್ಟೆ. ತಪ್ಪು ಮಾಡಿದ್ದೇನೆ ಎಂದು ತೋರಿದರೆ ನೌಕರಿಯಿಂದ ತೆಗೆಯಿರಿ, ಇಲ್ಲವಾದರೆ ನನ್ನ ಕಿಟಕಿ ನನಗೆ ಕೊಡಿ ಎಂದು ಬರೆದೆ. ಪಾಳಾದಿಂದ ಅಪ್ಪ ಬಂದಿದ್ದ. ಕೋಣೆಯನ್ನು, ಖಾಲಿ ಮೇಜನ್ನು ನೋಡಿದ. "ಊರಾಗ ಏನಂತ ಹೇಳ್ಲಿ?" ಎಂದ. ಇನ್ನೂ ಸರ್ಕಾರವೇ ಎಂದು ಹೇಳು ಎಂದೆ. ಅವನಿಗೆ ಅರ್ಥವಾಗಲಿಲ್ಲ. ಸಂಜೆಯ ಬಸ್ಸಿಗೆ ಹೋದ.

ನಿನ್ನೆ ಅದೇ ಕಂಡಕ್ಟರನ ಕೈಯಲ್ಲಿ ಸಂಜೀವಕುಮಾರ ಅವರ ಚೀಟಿಯೂ ಬಂತು. ಅದನ್ನು ಹಾಗೆಯೇ ಬರೆಯುತ್ತೇನೆ: "ತಂಗಿ, ನಿನ್ನ ವಿಚಾರಣೆ ಕಡತ ಮ್ಯಾಲಿನಿಂದ ವಾಪಸ ಬಂತು. ತಗದು ನೋಡಿದೆ. ತೆಗೀರಿ ಅಂತ ಇಲ್ಲ, ಬಿಡ್ರಿ ಅಂತ ಇಲ್ಲ. ಅಂಚಿನ್ಯಾಗ ಒಂದೇ ಪದ ಐತಿ. ಯಾವುದು ಅಂತ ನಿನಗ ಹೇಳೂದು ಬ್ಯಾಡ. ಉಪ್ಪಿನಕಾಯಿ ಕಳಿಸೇನಿ."

ಬರೆದ ಅಧಿಕಾರಿ ಮುಂದಿನ ತಿಂಗಳು ನಿವೃತ್ತರಾಗುತ್ತಾರಂತೆ.

ಇಲ್ಲ ಎಂದು ಬರೆದು ಕೊಡಿ ಎಂದು ನಾನೂ ಅರ್ಜಿ ಹಾಕಿದ್ದೇನೆ, ಸುವರ್ಣಾ. ನನಗೆ ಸಹಿ ಮಾಡುವವರು ಯಾವ ಕಿಟಕಿಯಲ್ಲಿ ಕುಳಿತಿದ್ದಾರೋ ತಿಳಿಯದು. ಸುನಂದಾ ಅವರಿಗೆ ಹೇಳಬೇಡ, ಅವರು ಮತ್ತೆ ಗಾಳಿಯ ಮಾತಾಡುತ್ತಾರೆ. ಕಾಕಾನಿಗೂ ಹೇಳಬೇಡ. ಆದರೆ ಒಂದು ಕೇಳಿ ಬರೆ. ಬೆಂಚಿನ ಮೇಲೆ ಕುಳಿತಾಗ ಅವರು ಮನೆಗೆ ಹೋಗುವ ದಾರಿಯ ಕಡೆ ನೋಡುತ್ತಿದ್ದರೋ, ಸಾಹೇಬರ ಬಾಗಿಲ ಕಡೆ ನೋಡುತ್ತಿದ್ದರೋ?

ಇವತ್ತು ಸೋಮವಾರ. ಒಗೆದ ಸೀರೆ ಉಟ್ಟು ಕುಳಿತಿದ್ದೇನೆ.

ನಿನ್ನ
ಶಿವಗಂಗಾ